ಕ್ರಯಕ್ಕೆ ಮುನ್ನ ನೀರಿನ ಜಾಡನ್ನು ಪರಿಶೀಲಿಸಿರಿ

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನಿವೇಶನ ಹಾಗೂ ಮನೆಗಳ ವಹಿವಾಟು ಗಣನೀಯವಾಗಿ ವೃದ್ಧಿಸಿರುವುದು ಸದಸ್ಯ ಬಾಂಧವರೆಲ್ಲರಿಗೂ ತಿಳಿದ ಸಂಗತಿ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ಕಾರ್ಯಾರಂಭ ಮಾಡಿದ ನಂತರ ಭೂಮಿಯ ಬೆಲೆಯ ಏರಿಕೆ ನಂದಿ ಬೆಟ್ಟವನ್ನು ದಾಟಿ ಮಂಚೇನಹಳ್ಳಿ, ಗೌರಿಬಿದನೂರುಗಳತ್ತಲೂ ಸರಿದಿದೆ. ನಮ್ಮ ವರ್ತಕರಲ್ಲಿ ಅನೇಕರು ವ್ಯಾಪಾರದ ಉಳಿತಾಯವನ್ನು ನಿವೇಶನದಲ್ಲಿ ತೊಡಗಿಸುತ್ತಾರೆ. ಅಲ್ಲಿ ಕಟ್ಟಿದ ಮನೆಯನ್ನೇ ಆಧಾರವಾಗಿಟ್ಟು ಅಂಗಡಿಗೆ ಓವರ್‌ಡ್ರಾಫ್ಟ್ ಪಡೆಯುತ್ತಾರೆ. ಆದುದರಿಂದ ಅಂತಹ ಮನೆಗೆ ನೀರು ನುಗ್ಗಿದರೆ ನಷ್ಟವು ಸಂಸಾರದೊಳಗೇ ಉಳಿಯದೆ ವ್ಯಾಪಾರದ ಬಂಡವಾಳವನ್ನೂ ತಟ್ಟುತ್ತದೆ.

ಬರಪೀಡಿತ ಸೀಮೆಯಲ್ಲಿ ಪ್ರವಾಹದ ಮಾತೇಕೆಂದು ಕೆಲವರು ನಗಬಹುದು. ಸಾವಿರಾರು ಅಡಿ ಕೊಳವೆಬಾವಿ ಕೊರೆದರೂ ನೀರು ಕಾಣದವರಿಗೆ ಈ ಚಿಂತೆ ಅತಿಯೆನಿಸುವುದು ಸಹಜ. ಆದರೆ ಅಪಾಯದ ಮೂಲವಿರುವುದು ಆ ಬರಗಾಲದಲ್ಲಿಯೇ. ಇಪ್ಪತ್ತು ಮೂವತ್ತು ವರ್ಷ ಕೆರೆ ತುಂಬದಿದ್ದರೆ ಕೋಡಿಯ ನೀರು ಹರಿಯುತ್ತಿದ್ದ ದಾರಿ ಜನರ ನೆನಪಿನಿಂದ ಅಳಿಯುತ್ತದೆ; ಕಾಲುವೆಯ ಮೇಲೆ ಜಾಲಿ ಬೆಳೆಯುತ್ತದೆ, ಬಳಿಕ ಮಣ್ಣು ಬೀಳುತ್ತದೆ, ಕೊನೆಗೆ ಅಳತೆಯ ಕಲ್ಲು ನಿಲ್ಲುತ್ತದೆ. 2021ರ ನವೆಂಬರ್ ಮಳೆಗೆ ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳ ಅನೇಕ ಕೆರೆಗಳು ಬಹುಕಾಲದ ನಂತರ ಕೋಡಿ ಹರಿದಾಗ ನೀರು ತನ್ನ ಹಳೆಯ ದಾರಿಯನ್ನೇ ಹಿಡಿಯಿತು. ನಮ್ಮ ನೆರೆಯ ಅನಂತಪುರವೂ ಬರಕ್ಕೆ ಹೆಸರಾದ ಊರೇ. 2022ರ ಅಕ್ಟೋಬರಿನಲ್ಲಿ ನಡಿಮಿವಂಕ ಎಂಬ ಹಳ್ಳ ಉಕ್ಕಿ ಆ ಪಟ್ಟಣದ ಹಲವು ಬಡಾವಣೆಗಳು ಜಲಾವೃತವಾದವು.

ನಮ್ಮ ಭಾಗದ ಕೆರೆಗಳು ಸರಣಿಯಲ್ಲಿ ಕಟ್ಟಲ್ಪಟ್ಟವು. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅದರದು ಇನ್ನೂ ಕೆಳಗಿನದಕ್ಕೆ, ಕಡೆಗೆ ಉತ್ತರ ಪಿನಾಕಿನಿಯಂತಹ ನದಿಗೆ. ಬೆಟ್ಟದ ಸಾಲಿನಿಂದಿಳಿದು ಗೌರಿಬಿದನೂರಿನ ಮೂಲಕ ಹಿಂದೂಪುರದ ಕಡೆ ಸಾಗುವ ಈ ನದಿ ವರ್ಷದ ಬಹುಪಾಲು ಮರಳಿನ ಹಾದಿಯಂತೆ ಕಾಣುವುದರಿಂದ ಅದರ ದಂಡೆಯೂ ಮಾರಾಟದ ಸರಕಾಗಿದೆ. ಇನ್ನೊಂದು ಬದಲಾವಣೆಯನ್ನೂ ಗಮನಿಸಬೇಕು. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಜಿಲ್ಲೆಯ ಹಲವು ಕೆರೆಗಳಿಗೆ ಬರುತ್ತಿದೆ. ಅಂತರ್ಜಲಕ್ಕೆ ಇದು ಉಪಕಾರಿಯಾಗಬಹುದು. ಆದರೆ ಬರಿದಾದ ಕೆರೆ ಮೊದಲ ದೊಡ್ಡ ಮಳೆಯನ್ನು ಹೀರಿಕೊಳ್ಳುವಂತೆ ಅರ್ಧ ತುಂಬಿದ ಕೆರೆ ಹೀರಿಕೊಳ್ಳಲಾರದು, ಅದು ಬೇಗನೆ ಕೋಡಿ ಬೀಳುತ್ತದೆ. ಹತ್ತು ವರ್ಷದ ಹಿಂದಿನ ಅನುಭವವನ್ನು ನಂಬಿ ಕೆರೆಯ ಕೆಳಗೆ ಮನೆ ಕೊಳ್ಳುವವರು ಈ ಅಂಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೊಳ್ಳುವವರು ಏನನ್ನೂ ಪರಿಶೀಲಿಸುವುದಿಲ್ಲವೆಂದಲ್ಲ. ಭೂಪರಿವರ್ತನೆಯ ಆದೇಶ, ಋಣಭಾರ ಪತ್ರ, ಇ-ಖಾತೆ, ವಂಶವೃಕ್ಷ ಎಲ್ಲವನ್ನೂ ವಕೀಲರಿಗೆ ತೋರಿಸುತ್ತಾರೆ. ಬ್ಯಾಂಕು ಮತ್ತೊಮ್ಮೆ ನೋಡುತ್ತದೆ. ಇವೆಲ್ಲ ಜಮೀನು ಯಾರದ್ದೆಂಬ ಪ್ರಶ್ನೆಗೆ ಉತ್ತರ ಕೊಡುವ ಕಾಗದಗಳು. ಮಳೆ ಬಂದಾಗ ಜಮೀನಿನ ಮೇಲೆ ಏನು ಹರಿಯುತ್ತದೆಂಬುದನ್ನು ಅವು ಹೇಳಲಾರವು. ಸಾಲ ಮಂಜೂರಾಯಿತೆಂದರೆ ಜಾಗ ನಿರಪಾಯವೆಂದು ಭಾವಿಸುವುದು ನಮ್ಮಲ್ಲಿ ಬೇರೂರಿರುವ ತಪ್ಪು ತಿಳಿವಳಿಕೆ.

ನೀರಿನ ವಿಷಯ ಹೇಳುವ ದಾಖಲೆಗಳೂ ನಮ್ಮಲ್ಲಿವೆ, ಕೇಳುವವರು ವಿರಳ. ಭೂಮಾಪನ ಇಲಾಖೆಯ ಗ್ರಾಮ ನಕಾಶೆಯಲ್ಲಿ ಕೆರೆ, ಹಳ್ಳ, ಕಾಲುವೆಗಳು ಗುರುತಾಗಿರುತ್ತವೆ. ಅದೇ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಜಾಗದ ಮೇಲೆಯೇ ನಿಂತು ಸರ್ವೆ ನಂಬರನ್ನು ತಿಳಿಯಬಹುದು. ಪಹಣಿಯಲ್ಲಿ 'ಬಿ' ಖರಾಬು ನಮೂದಾಗಿದ್ದರೆ ಅದು ರಸ್ತೆಯೋ ಹಳ್ಳವೋ ಎಂಬುದನ್ನು ಬಿಡಿಸಿ ಕೇಳಬೇಕು. ಜಮೀನು ಮೊದಲು ತರಿಯಾಗಿತ್ತೇ, ಖುಷ್ಕಿಯಾಗಿತ್ತೇ ಎಂಬುದಂತೂ ಬಹು ಮುಖ್ಯ. ತರಿಯೆಂದರೆ ಸಾಮಾನ್ಯವಾಗಿ ಕೆರೆಯ ಏರಿಯ ಕೆಳಗಿನ ಅಚ್ಚುಕಟ್ಟು. ನೀರು ತಾನಾಗಿ ಬಂದು ನಿಲ್ಲಲೆಂದೇ ಹಿರಿಯರು ಆರಿಸಿದ ತಗ್ಗು. ಭೂಪರಿವರ್ತನೆಯ ಆದೇಶದಿಂದ ಆ ತಗ್ಗು ಏರುವುದಿಲ್ಲ. ಊರಿನಲ್ಲಿ ಹಿಂದೆ ನೀರಗಂಟಿ ಕೆಲಸ ಮಾಡುತ್ತಿದ್ದ ಮನೆತನದವರು ಇದ್ದರೆ ಅವರನ್ನು ಮಾತನಾಡಿಸುವುದು ಲೇಸು. ತೂಬು, ಕೋಡಿ, ಕಾಲುವೆಗಳ ಲೆಕ್ಕವನ್ನು ಅವರಷ್ಟು ಬಲ್ಲವರು ಕಚೇರಿಗಳಲ್ಲಿಯೂ ವಿರಳ.

ಕಟ್ಟಿದ ಮನೆಯಾದರೆ ಹೊಸ ಬಣ್ಣಕ್ಕೆ ಮರುಳಾಗದೆ ಗೋಡೆಯ ಬುಡದ ತೇವ, ಮುಂದಿನ ರಸ್ತೆಗಿಂತ ಹೊಸ್ತಿಲು ಎಷ್ಟು ಎತ್ತರ, ರಸ್ತೆಯ ಮೋರಿ ಎಷ್ಟು ಅಗಲ ಎಂಬುದನ್ನು ನೋಡಬೇಕು. ಪಕ್ಕದವರು ಮಣ್ಣು ತುಂಬಿ ಎತ್ತರಿಸಿದ್ದರೆ ಅವರ ನೀರು ನಿಮ್ಮ ಅಂಗಳಕ್ಕೆ ಬರುತ್ತದೆ.

ಹಣವಂತರ ಬಡಾವಣೆಗಳಿಗೂ ಈ ಮಾತು ಅನ್ವಯಿಸುತ್ತದೆ. ಬೆಂಗಳೂರಿನ ಸರ್ಜಾಪುರ ರಸ್ತೆಯ ರೈನ್‌ಬೋ ಡ್ರೈವ್ ಬಡಾವಣೆ 2022ರ ಸೆಪ್ಟೆಂಬರಿನಲ್ಲಿ ಮುಳುಗಿದಾಗ ಕೋಟ್ಯಂತರ ಬೆಲೆಯ ಮನೆಗಳನ್ನು ಬಿಟ್ಟು ಜನ ಹೊರಬರಬೇಕಾಯಿತು. ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯಕ್ಕೆ 2021ರ ನವೆಂಬರಿನಲ್ಲಿ ನೀರು ನುಗ್ಗಿತು. 2024ರ ಅಕ್ಟೋಬರಿನಲ್ಲಿ ಮತ್ತೆ ನುಗ್ಗಿತು. ಒಮ್ಮೆ ನೀರು ಬಂದ ಜಾಗದ ಕಥೆಯನ್ನು "ಅದು ಅಪರೂಪದ ಮಳೆ" ಎಂದು ಮಾರುವವರು ತಳ್ಳಿಹಾಕಿದರೆ ಈ ಎರಡು ವರ್ಷಗಳನ್ನು ನೆನಪಿಸಬಹುದು. ಕೆರೆ–ಕಾಲುವೆಗಳಿಂದ ಬಿಡಬೇಕಾದ ಅಂತರದ ಬಗ್ಗೆಯೂ ಕಾನೂನಿನ ನೆರವನ್ನೇ ಪೂರ್ಣ ನಂಬುವಂತಿಲ್ಲ. ಬೆಂಗಳೂರಿನ ಕೆರೆಗಳಿಗೆ 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ವಿಧಿಸಿದ್ದ 75 ಮೀಟರ್ ಅಂತರವನ್ನು 2019ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು.

ವಿಮೆಯ ಕುರಿತು ಒಂದು ಮಾತು. 2021ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಪ್ರವಾಹದ ಹಾನಿಯೂ ಸೇರಿದೆ. ಅದು ಕಟ್ಟಡಕ್ಕೂ ಗೃಹೋಪಯೋಗಿ ವಸ್ತುಗಳಿಗೂ ಸಂಬಂಧಿಸಿದ್ದು. ನಿವೇಶನದ ಬೆಲೆ ಕುಸಿದರೆ ಅದನ್ನು ತುಂಬಿಕೊಡದು. ಮನೆಯ ನೆಲಮಹಡಿಯಲ್ಲಿ ದಾಸ್ತಾನು ಇಡುವ ವರ್ತಕರು ಆ ಸರಕಿಗೆ ಪ್ರತ್ಯೇಕ ಪಾಲಿಸಿ ಮಾಡಿಸಬೇಕು.

ಬಡಾವಣೆ ನಿರ್ಮಿಸುವ ಸದಸ್ಯರಲ್ಲಿ ಒಂದು ವಿನಂತಿ. ಮಾರಾಟದ ನಕ್ಷೆಯಲ್ಲಿ ಉದ್ಯಾನವನ, ದೇವಸ್ಥಾನಗಳನ್ನು ಬಣ್ಣದಲ್ಲಿ ತೋರಿಸುವಂತೆ ಗ್ರಾಮ ನಕಾಶೆಯ ಹಳ್ಳ, ಕಾಲುವೆ ಹಾಗೂ ಸಮೀಪದ ಕೆರೆಯ ಕೋಡಿಯ ಮಟ್ಟವನ್ನೂ ತೋರಿಸಲಿ. ಪ್ರಾಮಾಣಿಕ ಉದ್ಯಮಿಗೆ ಇದರಿಂದ ಗಿರಾಕಿ ತಪ್ಪುವನೆಂಬ ಭಯ ಬೇಡ. ಮುಚ್ಚಿಟ್ಟು ಮಾರಿದವನೊಡನೆ ಸ್ಪರ್ಧಿಸಬೇಕಾದ ಸಂಕಷ್ಟವಾದರೂ ತಪ್ಪೀತು. ಜಿಲ್ಲಾಡಳಿತವು ಬಡಾವಣೆಗೆ ಅನುಮೋದನೆ ನೀಡುವಾಗಲೇ ಇದನ್ನು ಕಡ್ಡಾಯಗೊಳಿಸುವಂತೆ ಸಂಸ್ಥೆಯು ಮನವಿ ಸಲ್ಲಿಸುವುದು ಉಚಿತ. ಅಲ್ಲಿಯವರೆಗೆ ಕೊಳ್ಳುವವರು ಬೇಸಿಗೆಯಲ್ಲಿ ಜಾಗ ಮೆಚ್ಚಿದರೂ, ಸಾಧ್ಯವಾದಲ್ಲಿ ಅಕ್ಟೋಬರಿನ ಒಂದು ದೊಡ್ಡ ಮಳೆಯ ಮರುದಿನ ಅಲ್ಲಿಗೆ ಹೋಗಿ ನೋಡಿದ ನಂತರವೇ ಮುಂಗಡ ಕೊಡಲಿ.