ವಿದೇಶ ವ್ಯಾಸಂಗದಲ್ಲಿ ಪ್ರವಾಸದ ಸ್ಥಾನ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಪರದೇಶಕ್ಕೆ ವ್ಯಾಸಂಗಕ್ಕೆಂದು ಹೋಗುವವನು ಇವೆರಡನ್ನೂ ಒಂದೇ ಕಾಲಕ್ಕೆ ಸಾಧಿಸುವ ಭಾಗ್ಯಶಾಲಿಯೆಂದು ನಾವು ಭಾವಿಸುತ್ತೇವೆ. ಆದರೆ ಎಷ್ಟೋ ಜನರಿಗೆ ಪರದೇಶವೆಂದರೆ ವಸತಿಗೃಹದ ಕೋಣೆ, ತರಗತಿ, ಗ್ರಂಥಾಲಯ ಇಷ್ಟೇ. ಕೋಶವನ್ನೇನೋ ಓದುತ್ತಾರೆ, ದೇಶ ಮಾತ್ರ ಕಿಟಕಿಯ ಆಚೆಗೇ ಉಳಿಯುತ್ತದೆ. ಆದುದರಿಂದ ಸಾಂಸ್ಕೃತಿಕ ಕಾರ್ಯಕ್ರಮ, ಪ್ರವಾಸಗಳನ್ನು ಬಿಡುವಿನ ವಿನೋದವೆಂದು ಎಣಿಸದೆ, ವ್ಯಾಸಂಗದ ಅಂಗವೆಂದೇ ಎಣಿಸಬೇಕೆಂಬುದು ನನ್ನ ಅಭಿಪ್ರಾಯ.

ಗಾಂಧೀಜಿಯವರ ವಿದ್ಯಾರ್ಥಿ ದೆಸೆಯನ್ನೇ ನೋಡಬಹುದು. 1888ರಲ್ಲಿ ಅವರು ನ್ಯಾಯಶಾಸ್ತ್ರದ ವ್ಯಾಸಂಗಕ್ಕಾಗಿ ಲಂಡನ್ನಿಗೆ ಹೋದರು. ಆಂಗ್ಲ ಸಭ್ಯಗೃಹಸ್ಥರಂತೆ ಆಗಬೇಕೆಂದು ನೃತ್ಯದ ತರಗತಿಗೆ ಸೇರಿದರು, ಪಿಟೀಲು ಕೊಂಡರು. ಕೆಲವೇ ತಿಂಗಳಲ್ಲಿ ಅದೆಲ್ಲ ಬರಿಯ ಭ್ರಮೆಯೆಂದು ತಿಳಿದು ಕೈಬಿಟ್ಟರು. ನಿಜವಾದ ಸಂಸ್ಕೃತಿ ಪರಿಚಯ ಅವರಿಗೆ ಆದದ್ದು ಶಾಕಾಹಾರಿಗಳ ಸಂಘದಲ್ಲಿ, ಆ ನಾಡಿನ ಜನರೊಡನೆ ಕೂಡಿ ಕೆಲಸ ಮಾಡಿದಾಗ. ಭಗವದ್ಗೀತೆಯನ್ನು ಕೂಡಿ ಓದೋಣವೆಂದು ಇಬ್ಬರು ಥಿಯಾಸಫಿಸ್ಟ್ ಗೆಳೆಯರು ಕರೆದಾಗ, ತಾವು ಅದನ್ನು ಓದಿಯೇ ಇಲ್ಲವೆಂದು ನಾಚಿಕೊಂಡು, ಅವರೊಡನೆ ಓದಲು ಕುಳಿತರು. ಪರರ ಮನೆಗೆ ಹೋದಾಗಲೇ ತಮ್ಮ ಮನೆಯ ನಿಧಿ ಕಣ್ಣಿಗೆ ಬಿದ್ದಿತು!

ನಮ್ಮ ಕನ್ನಡದಲ್ಲಿಯೂ ಇಂಥ ಉದಾಹರಣೆ ಇದೆ. ಯು. ಆರ್. ಅನಂತಮೂರ್ತಿಯವರು ಸಂಶೋಧನೆಗೆಂದು ಬರ್ಮಿಂಗ್‌ಹ್ಯಾಮಿನಲ್ಲಿದ್ದಾಗ, ತಮ್ಮ ಗುರುಗಳಾದ ಮಾಲ್ಕಮ್ ಬ್ರಾಡ್‌ಬರಿಯವರೊಡನೆ ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ಚಲನಚಿತ್ರವನ್ನು ನೋಡಿದರು. ಅದರ ಪ್ರೇರಣೆಯಿಂದ ಹುಟ್ಟಿದ ‘ಸಂಸ್ಕಾರ’ ಕಾದಂಬರಿ 1965ರಲ್ಲಿ ಪ್ರಕಟವಾಯಿತು. ಆ ಚಿತ್ರ ಯಾವ ಪಠ್ಯಕ್ರಮದಲ್ಲಿತ್ತು?

ಇದು ನಮ್ಮವರು ಹೊರಗೆ ಹೋದ ಮಾತಾಯಿತು. ನಮ್ಮಲ್ಲಿಗೆ ಬರುವವರ ವಿಚಾರವೇನು? 1950ರಲ್ಲಿ ಸ್ಥಾಪಿತವಾದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತಿನ ವಿದ್ಯಾರ್ಥಿವೇತನ ಪಡೆದು ಆಫ್ರಿಕೆ, ಏಶಿಯಾ ಖಂಡಗಳ ತರುಣರು ಮೈಸೂರು, ಬೆಂಗಳೂರುಗಳಿಗೆ ಬರುತ್ತಾರೆ. ಇಂಥವರಿಗಾಗಿ ಏರ್ಪಡುವ ‘ಸಾಂಸ್ಕೃತಿಕ ಸಂಜೆ’ಗಳ ರೀತಿ ಬಹುಮಟ್ಟಿಗೆ ಒಂದೇ. ಅವರು ತಮ್ಮ ನಾಡಿನ ಉಡುಪು ತೊಟ್ಟು ಕುಣಿಯಬೇಕು, ನಾವು ಚಪ್ಪಾಳೆ ತಟ್ಟಬೇಕು. ಮರುದಿನ ಊಟಕ್ಕೆ ಅವರೊಂದು ಕಡೆ, ನಾವೊಂದು ಕಡೆ. ಇದು ಪ್ರದರ್ಶನವೇ ಹೊರತು ಪರಿಚಯವಲ್ಲ. ಪ್ರವಾಸವೂ ಬಸ್ಸು ಇಳಿದು, ಫೋಟೋ ತೆಗೆದು, ಮತ್ತೆ ಬಸ್ಸು ಹತ್ತುವುದರಲ್ಲಿ ಮುಗಿಯುತ್ತದೆ.

ಇದಕ್ಕೆ ಬದಲು ಅವರು ಒಂದು ವಾರ ನಮ್ಮ ನಾಗಾವಿಗೆ ಬಂದು ಇರಲಿ. ಗದಗಿನ ಮಗ್ಗುಲಲ್ಲಿರುವ ಈ ಊರಿನಲ್ಲಿ, 2016ರ ಕಾಯ್ದೆಯಂತೆ ಸ್ಥಾಪಿತವಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಸಾಬರಮತಿ ಆಶ್ರಮದ ಪ್ರತಿರೂಪವೂ ಇದೆ. ಇಲ್ಲಿಂದ ಕಣಗಿನಹಾಳ ದೂರವಿಲ್ಲ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ ಊರದು. ಜರ್ಮನಿಯ ರೈಫೈಸನ್ನನು ತನ್ನ ನಾಡಿನ ರೈತರಿಗಾಗಿ ತೋರಿಸಿದ ಮಾರ್ಗ ಇಲ್ಲಿಯ ಎರೆಭೂಮಿಯಲ್ಲಿ ಬೇರೂರಿದ್ದನ್ನು ಜರ್ಮನಿಯ ವಿದ್ಯಾರ್ಥಿ ಕಂಡರೆ ಅವನಿಗೆ ಎಷ್ಟು ಆನಂದವಾದೀತು! ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯ ಬ್ರಹ್ಮಜಿನಾಲಯವಿದೆ, ಮುಸುಕಿನ ಬಾವಿಯಿದೆ. ಗದಗಿನಲ್ಲಿ ಅಂಧರಿಗೂ ಅನಾಥರಿಗೂ ಸಂಗೀತದ ದಾರಿ ತೋರಿದ ವೀರೇಶ್ವರ ಪುಣ್ಯಾಶ್ರಮವಿದೆ. ಚಳಿಗಾಲದಲ್ಲಿ ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಹಕ್ಕಿಗಳಿಗೆ ನಮ್ಮ ಹೊಲ ಪರಕೀಯವಲ್ಲದಿರುವಾಗ ಮನುಷ್ಯರಿಗೇಕೆ ಆಗಬೇಕು?

‘ಇದಕ್ಕೆ ಹಣವೆಲ್ಲಿ?’ ಎಂದು ಕೇಳಬಹುದು. ಒಂದು ಸಂಜೆಯ ಮಂಟಪ, ದೀಪ, ಧ್ವನಿವರ್ಧಕಗಳಿಗೆ ಸುರಿಯುವ ಹಣವನ್ನು ಇತ್ತ ತಿರುಗಿಸಿದರೆ ಬಹಳಷ್ಟು ಸಾಗುತ್ತದೆ. ಅತಿಥಿಗಳು ಹಳ್ಳಿಯ ಮನೆಗಳಲ್ಲಿಯೇ ಇಳಿಯಲಿ. ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಯಾವ ಮನೆಗೂ ಭಾರವಲ್ಲ. ‘ಪರೀಕ್ಷೆ ಕೆಡುತ್ತದೆ’ ಎಂಬವರಿಗೆ, ರಜೆಯ ದಿನಗಳಿವೆಯಲ್ಲ ಎಂಬುದೇ ಉತ್ತರ.

ಇದರಲ್ಲಿ ನಮ್ಮ ಲಾಭವೇ ಹೆಚ್ಚು. ನಮ್ಮಲ್ಲಿ ಬಹುಜನರಿಗೆ ಪರದೇಶಕ್ಕೆ ಹೋಗುವ ಯೋಗವಿಲ್ಲ. ತಂದೆಯ ಸಾಲ, ತಂಗಿಯ ಮದುವೆ, ಮಳೆಯನ್ನೇ ನಂಬಿದ ನಾಲ್ಕೆಕರೆ ಹೊಲ ನಮ್ಮನ್ನು ಇಲ್ಲಿಯೇ ಹಿಡಿದು ನಿಲ್ಲಿಸುತ್ತವೆ. ನಾವು ಹೋಗಲಾರದ ದೇಶವೇ ನಮ್ಮ ಅಂಗಳಕ್ಕೆ ಬರಬಹುದಾದಾಗ ಬಾಗಿಲು ಮುಚ್ಚಿಕೊಂಡಿರುವುದು ಜಾಣತನವಲ್ಲ. ಆದರೆ ಬಂದವರು ಅತ್ತಿಮಬ್ಬೆ ಯಾರೆಂದು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಉತ್ತರಿಸಬಲ್ಲೆವು? ಲಂಡನ್ನಿನಲ್ಲಿ ಗಾಂಧೀಜಿಗೆ ಆದ ನಾಚಿಕೆ ನಮಗೆ ಇಲ್ಲಿಯೇ ಆದೀತು. ಆಗಲಿ; ಆ ನಾಚಿಕೆಯಿಂದ ನಾವೂ ಓದತೊಡಗುತ್ತೇವೆ.

ನಮ್ಮ ಕಾಲೇಜಿನ ಸಾಂಸ್ಕೃತಿಕ ಸಂಘವು ಗುರುಗಳ ಮಾರ್ಗದರ್ಶನದಲ್ಲಿ ನಾಗಾವಿಯ ವಿಶ್ವವಿದ್ಯಾಲಯಕ್ಕೆ ಇಂಥ ಒಂದು ಯೋಜನೆಯನ್ನು ಬರೆದು ಕಳಿಸಲಿ. ಮುಂದಿನ ಚಳಿಗಾಲದಲ್ಲಿ, ಹೆಬ್ಬಾತುಗಳು ಬರುವ ವೇಳೆಗೆ, ಐದೇ ಜನ ಅತಿಥಿಗಳು ಬಂದರೂ ಸಾಕು.