ಪಿತ್ರಾರ್ಜಿತ, ಸ್ವಯಾರ್ಜಿತ ಮತ್ತು ಡಿ ಭಾಷೆ

ನಮ್ಮೂರು ಮಟಮಾರಿಗೆ ಹೋದಾಗಲೆಲ್ಲ ಕಟ್ಟೆ ಮೇಲೆ ಒಂದೇ ತಕರಾರು: ಯಾವ ಹೊಲ ಪಿತ್ರಾರ್ಜಿತ, ಯಾವುದು ಸ್ವಯಾರ್ಜಿತ? ಮೊನ್ನೆ ಡಿ ಭಾಷೆಯಲ್ಲಿ ನನಗೂ ಅದೇ ಗತಿ :)

ಕ್ಲಾಸಿನ ಸದಸ್ಯರನ್ನು ಕಂಪೈಲ್ ಆಗುವಾಗಲೇ ಪಟ್ಟಿ ಮಾಡಿ ಫೈಲಿಗೆ ಬರೆಯುವ ಕೋಡ್ ಅದು. 'ಆಲ್‌ಮೆಂಬರ್ಸ್' ಕೇಳಿದರೆ ಮೂಲಪುರುಷ 'ಆಬ್ಜೆಕ್ಟ್'ನ 'ಟುಸ್ಟ್ರಿಂಗ್', 'ಟುಹ್ಯಾಶ್' ಕೂಡ ಬಂದವು. ಬೇಡವೆಂದು 'ಡಿರೈವ್ಡ್‌ಮೆಂಬರ್ಸ್' ಹಾಕಿದೆ. ಕಂಪೈಲರ್ ತುಟಿ ಪಿಟಕ್ ಅನ್ನಲಿಲ್ಲ. ಅಪ್ಪನ ಕ್ಲಾಸಿನಲ್ಲಿದ್ದ ಐಡಿ ಮಾತ್ರ ಫೈಲಿನಿಂದ ಮಾಯ! ಯಾವ ದಾಖಲೆ ಯಾರದೆಂದು ಹುಡುಕುತ್ತಾ ಒಂದಿಡೀ ರಾತ್ರಿ ನಿದ್ದೆಗೆಟ್ಟೆ.

ಬಂದದ್ದನ್ನೆಲ್ಲ ಇಟ್ಟುಕೊಳ್ಳುವುದೂ ತಪ್ಪು, ಸಾರಾಸಗಟಾಗಿ ಬಿಡುವುದೂ ತಪ್ಪು. ವಂಶಾವಳಿ ಹಿಡಿದು ಒಂದೊಂದೇ ಕ್ಲಾಸ್ ನೋಡಿ, 'ಆಬ್ಜೆಕ್ಟ್' ಬಿಟ್ಟು, ಡೇಟಾ ಮಾತ್ರ ಆರಿಸಬೇಕು. 2025ರಲ್ಲಿ ಸಿ ಪ್ಲಸ್ ಪ್ಲಸ್ 26ಕ್ಕೆ ಸೇರಿದ ರಿಫ್ಲೆಕ್ಷನ್ ಇಲ್ಲಿ ಮೇಲು ಅನ್ನಿಸುತ್ತೆ: ಸ್ವಂತದ್ದು ಬೇರೆ, ಅಪ್ಪನದು ಬೇರೆ ಕೇಳಬೇಕು. ಕೇಳಿ ಪಡೆದದ್ದು ನೆನಪಿರುತ್ತೆ.

ನೀವೇನಂತೀರಿ?