ವಾಚ್‌ನಲ್ಲಿ ಇಸಿಜಿ ನಾರ್ಮಲ್ ಬಂದರೆ ಹೃದಯಾಘಾತ ಇಲ್ಲ ಎಂದರ್ಥವೇ?

ಎದೆ ಹಿಡಿದಂತಾದಾಗ ಸ್ಮಾರ್ಟ್‌ವಾಚ್‌ನಲ್ಲಿ ಇಸಿಜಿ ತೆಗೆದು ನೋಡಿ, ನಾರ್ಮಲ್ ಎಂದು ಬಂದರೆ ಅದು ಗ್ಯಾಸ್ಟ್ರಿಕ್ ಅಷ್ಟೇ ಎಂದು ನಂಬಿದವರು ಬಹಳ ಮಂದಿ. ಇದು ನಿಜವೇ?

ಚಿಕ್ಕ ಉತ್ತರ: ಅಲ್ಲ. ಹೀಗೆ ನಂಬಿ ಮನೆಯಲ್ಲೇ ಕುಳಿತರೆ ಜೀವಕ್ಕೆ ಅಪಾಯ.

ಈ ಭಯ ಎಲ್ಲಿಂದ ಬಂತು?

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ ಹೃದಯ ತಪಾಸಣೆಗೆ ಜನ ಜಯದೇವ ಆಸ್ಪತ್ರೆಗೆ ಮುಗಿಬಿದ್ದರು. 2025ರಲ್ಲಿ ಹಾಸನದ ಸಾವುಗಳ ಸುದ್ದಿ ಬಂದಾಗಲೂ ಹಾಗೇ ಆಯಿತು. ವರ್ತೂರು, ವೈಟ್‌ಫೀಲ್ಡ್ ಕಡೆ ಕುಳಿತು ಕೆಲಸ ಮಾಡುವವರು ತಮಗೊಂದು, ಊರಲ್ಲಿರುವ ಅಪ್ಪ-ಅಮ್ಮನಿಗೊಂದು ವಾಚ್ ಕೊಳ್ಳುವುದರ ಹಿಂದೆಯೂ ಇದೇ ಭಯ ಇರುತ್ತದೆ. ಕೊಳ್ಳುವುದು ತಪ್ಪಲ್ಲ. ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ಗೊತ್ತಿರಬೇಕು.

ಕರೆಂಟ್ ಬೇರೆ, ನೀರು ಬೇರೆ

ಮನೆಗೆ ಕರೆಂಟ್ ಲೈನ್ ಇದೆ, ನೀರಿನ ಪೈಪೂ ಇದೆ. ಲೈಟ್ ಉರಿಯುತ್ತಿದೆ ಎಂದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಬರುತ್ತದೆ ಎಂದಲ್ಲ. ವರ್ತೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ!

ಹೃದಯವೂ ಹಾಗೇ. ಬಡಿತದ ತಾಳ ತಪ್ಪುವುದು ಕರೆಂಟಿನ ತೊಂದರೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು ಪೈಪಿನ ತೊಂದರೆ, ಅದೇ ಹೃದಯಾಘಾತ. ವಾಚ್ ನೋಡುವುದು ಮುಖ್ಯವಾಗಿ ತಾಳವನ್ನು. ನಾಳ ಕಟ್ಟಿಕೊಂಡಿದ್ದರೂ ತಾಳ ಸರಿಯಾಗಿಯೇ ಇರಬಹುದು.

ಇನ್ನೊಂದು ಕಾರಣವೂ ಇದೆ. ವಾಚಿನ ಇಸಿಜಿ ಹೃದಯವನ್ನು ಒಂದೇ ಕೋನದಿಂದ ನೋಡುತ್ತದೆ. ಆಸ್ಪತ್ರೆಯ ಇಸಿಜಿ 12 ಕೋನಗಳಿಂದ ನೋಡುತ್ತದೆ. ಅದರಲ್ಲೂ ಮೊದಲ ಸಲ ಏನೂ ಕಾಣದಿರಬಹುದು. ಅದಕ್ಕೇ ವೈದ್ಯರು ಇಸಿಜಿಯನ್ನು ಮತ್ತೆ ಮಾಡಿಸಿ, ಟ್ರೋಪೋನಿನ್ ಎಂಬ ರಕ್ತ ಪರೀಕ್ಷೆಯನ್ನೂ ಮಾಡಿಸುತ್ತಾರೆ. ತನ್ನ ವಾಚ್ ಹೃದಯಾಘಾತವನ್ನು ಪತ್ತೆ ಮಾಡುವುದಿಲ್ಲ ಎಂದು ಆ್ಯಪಲ್ ಕಂಪನಿಯೇ ಹೇಳುತ್ತದೆ.

ಹಾಗಾದರೆ ವಾಚ್ ದಂಡವೇ?

ಅಲ್ಲ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ತಾಳ ತಪ್ಪಿದ ಬಡಿತವನ್ನು ಅದು ಹಿಡಿಯಬಲ್ಲದು. ಇದನ್ನು ಹಾಗೇ ಬಿಟ್ಟರೆ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ, ಮೆದುಳಿಗೆ ಹೋಗಿ ಲಕ್ವ ಹೊಡೆಯಬಹುದು.

ಅಮೆರಿಕದಲ್ಲಿ ನಡೆದ ಆ್ಯಪಲ್ ಹಾರ್ಟ್ ಸ್ಟಡಿಯ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಭಾಗವಹಿಸಿದ್ದ ಸುಮಾರು 4.19 ಲಕ್ಷ ಜನರಲ್ಲಿ ಬಡಿತ ಸರಿಯಿಲ್ಲ ಎಂಬ ಎಚ್ಚರಿಕೆ ಬಂದದ್ದು ಶೇ. 0.52 ಮಂದಿಗೆ ಮಾತ್ರ. ಅವರಲ್ಲಿ ಆಮೇಲೆ ಎದೆಗೆ ಪ್ಯಾಚ್ ಅಂಟಿಸಿಕೊಂಡು ಪರೀಕ್ಷೆಗೆ ಒಳಗಾದವರ ಪೈಕಿ ಶೇ. 34 ಮಂದಿಯಲ್ಲಿ ಈ ತೊಂದರೆ ಕಂಡಿತು. ಉಳಿದವರದ್ದೆಲ್ಲ ಸುಳ್ಳು ಎಚ್ಚರಿಕೆ ಎನ್ನುವಂತಿಲ್ಲ. ಈ ತೊಂದರೆ ಬಂದು ಹೋಗುವಂಥದ್ದು. ಆದ್ದರಿಂದ ಎಚ್ಚರಿಕೆ ಬಂದರೆ ಗಾಬರಿಯಾಗಬೇಡಿ, ಅಲಕ್ಷ್ಯವನ್ನೂ ಮಾಡಬೇಡಿ. ಅದರ ಸ್ಕ್ರೀನ್‌ಶಾಟ್ ಇಟ್ಟುಕೊಂಡು ವೈದ್ಯರಿಗೆ ತೋರಿಸಿ.

ಪಟ್ಟಿ ಸಡಿಲವಿದ್ದರೆ, ಕೈ ಅಲುಗುತ್ತಿದ್ದರೆ, ಮಣಿಕಟ್ಟಿನ ಮೇಲೆ ಹಚ್ಚೆ ಇದ್ದರೆ ಲೆಕ್ಕ ತಪ್ಪಬಹುದು. ನಿದ್ದೆಯಲ್ಲಿ ಬಡಿತ 60ಕ್ಕಿಂತ ಕೆಳಗಿಳಿಯುವುದು ಸಾಮಾನ್ಯವಾಗಿ ಸಹಜವೇ.

ವೈದ್ಯರು ಹೋಲ್ಟರ್ ಹಾಕಿಕೊಳ್ಳಿ ಎಂದರೆ?

ಇದು ಎದೆಗೆ ಅಂಟಿಸುವ ಪುಟ್ಟ ಇಸಿಜಿ ಯಂತ್ರ. ಅಮೆರಿಕದ ನಾರ್ಮನ್ ಹೋಲ್ಟರ್ 1940ರ ದಶಕದಲ್ಲಿ ಮಾಡಿದ್ದನ್ನು ಬೆನ್ನಿಗೆ ಹೊರಬೇಕಿತ್ತು, ತೂಕ ಸುಮಾರು 38 ಕೆ.ಜಿ.! ಈಗಿನದು ಅಂಗಿಯೊಳಗೆ ಅಡಗುತ್ತದೆ. ಸಾಮಾನ್ಯವಾಗಿ 24ರಿಂದ 48 ಗಂಟೆ ಹಾಕಿಕೊಳ್ಳಬೇಕು. ಪ್ಯಾಚ್ ಆದರೆ ಎರಡು ವಾರದವರೆಗೂ ಇರಬಹುದು.

- ಮಲಗಿ ಕಾಲ ಕಳೆಯಬೇಡಿ. ವೈದ್ಯರು ಬೇಡ ಎನ್ನದಿದ್ದರೆ ಎಂದಿನ ಕೆಲಸ ಮಾಡಿ, ಮೆಟ್ಟಿಲು ಹತ್ತಿ. ತೊಂದರೆ ಕಾಣುವುದು ಆಗಲೇ.
- ತಲೆಸುತ್ತು, ಎದೆ ಬಡಿತ ಬಂದ ಸಮಯ, ಆಗ ಮಾಡುತ್ತಿದ್ದ ಕೆಲಸ ಬರೆದಿಡಿ. ಬಟನ್ ಇದ್ದರೆ ಒತ್ತಿ.
- ಯಂತ್ರ ಒದ್ದೆಯಾಗಬಾರದು. ಸ್ನಾನದ ಬಗ್ಗೆ ಮೊದಲೇ ಕೇಳಿಕೊಳ್ಳಿ.

ನೆನಪಿಡಿ, ಹೋಲ್ಟರ್ ಆಮೇಲೆ ಓದುವ ದಾಖಲೆ. ಹಾಕಿಕೊಂಡಿರುವಾಗಲೇ ಎದೆ ನೋವು ಬಂದರೆ ಆಸ್ಪತ್ರೆಯಲ್ಲಿ ಯಾರೋ ನೋಡುತ್ತಿರುತ್ತಾರೆ ಎಂದುಕೊಂಡು ಸುಮ್ಮನಿರಬೇಡಿ.

ಎದೆ ನೋವು ಬಂದಾಗ

ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರಾಟಕ್ಕೆ ಕಷ್ಟ. ಇವು ಕಂಡರೆ ವಾಚ್ ನೋಡುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ಇಲ್ಲವೇ ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೊರಡಿ. ನೀವೇ ಗಾಡಿ ಓಡಿಸಬೇಡಿ. ವರ್ತೂರು ರಸ್ತೆಯ ಟ್ರಾಫಿಕ್ ನಿಮಗೆ ಗೊತ್ತು. ಮನೆಯಲ್ಲಿ ಕಳೆದ ಅರ್ಧ ಗಂಟೆ ಅಲ್ಲಿ ವಾಪಸ್ ಸಿಗುವುದಿಲ್ಲ. ನಾಳ ಕಟ್ಟಿಕೊಂಡಷ್ಟು ಹೊತ್ತೂ ಸ್ನಾಯು ಸಾಯುತ್ತಿರುತ್ತದೆ.

ಊರಲ್ಲಿರುವ ಹಿರಿಯರಿಗೂ ಒಂದು ಮಾತು ಹೇಳಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಬೇಕಾದವರಿಗೆ ಉಚಿತವಾಗಿ ಕೊಡುತ್ತಾರೆ. ವಾಚ್ ಕಳಿಸುವ ಜೊತೆಗೆ ಈ ವಿಷಯವನ್ನೂ ತಿಳಿಸಿ.

ವಾಚ್ ತೊಂದರೆ ಇದೆ ಎಂದರೆ ವೈದ್ಯರಲ್ಲಿಗೆ ಹೋಗಿ. ತೊಂದರೆ ಇಲ್ಲ ಎಂದರೂ ನೋವಿದ್ದರೆ ಹೋಗಿ. ಫಾರ್ವರ್ಡ್ ಮಾಡುವುದಾದರೆ ಈ ಎರಡು ಸಾಲು ಮಾಡಿ.